ಹುಟ್ಟದ ಮಕ್ಕಳ ಪಾಲಿನ ಮನೆ

ಮಾರ್ಚ್ 4

ಅಂಗಡಿಯಲ್ಲಿ ಇಡೀ ದಿನ ಗಿರಾಕಿಗಳ ಕಾಟ. ಒಬ್ಬ ಕನ್ನಡಕದ ಮೇಲೆ ಕೂತು ಮುರಿದುಕೊಂಡು ಬಂದು, ಅದು ತಾನಾಗಿಯೇ ಮುರಿಯಿತು ಎಂದು ಸಾಧಿಸಿದ. ಮನೆಗೆ ಬಂದರೆ ತಮ್ಮ, ಅವನ ಮಗಳು ಕಾಯುತ್ತಿದ್ದರು. ಅವಳೀಗ ನಾಲ್ಕು ತಿಂಗಳ ಬಸುರಿ.

"ಅತ್ತೆ, ಮಹಡಿ ಮೇಲೆ ಎರಡು ರೂಮ್ ಕಟ್ಕೊಂಡು ನಾವೂ ಇಲ್ಲೇ ಇರ್ಬಹುದಾ?"

ಕೇಳಬೇಕೇ... ನಾನು ಕುಣಿಯುವುದೊಂದು ಬಾಕಿ. ಆದರೆ ಬ್ಯಾಂಕಿನವರು ಸಾಲ ಕೊಡಲು ಒಪ್ಪುತ್ತಿಲ್ಲವಂತೆ. ಅಪ್ಪನ ವಿಲ್ ಅಡ್ಡ. ಮನೆ ನಾನಿರುವ ತನಕ ನನಗೆ, ಆಮೇಲೆ ನನ್ನ ಮಕ್ಕಳಿಗೆ. ನನಗೆ ಮಕ್ಕಳಿಲ್ಲದೆ ಹೋದರೆ ಈ ಹುಡುಗಿಗೆ.

ನನಗೆ ಐವತ್ತೇಳು. ಇನ್ನೆಲ್ಲಿಯ ಮಕ್ಕಳು?

ಮಾರ್ಚ್ 9

ವಕೀಲರ ಆಫೀಸು. "ಕಾನೂನಿನ ಪ್ರಕಾರ ಉಸಿರಿರೋ ತನಕ ನಿಮಗೆ ಮಕ್ಕಳಾಗಬಹುದಮ್ಮ. ಆ ಮಕ್ಕಳ ಹಕ್ಕು ಹಾಗೇ ಇರುತ್ತೆ. ಇನ್ನಾಗಲ್ಲ ಅಂತ ಕೋರ್ಟೇ ಹೇಳ್ಬೇಕು."

ನಗು ತಡೆಯಲಾಗಲಿಲ್ಲ. ಡಾಕ್ಟರು ಕೈಚೆಲ್ಲಿದರು, ನೆಂಟರು ಕೇಳುವುದು ಬಿಟ್ಟರು, ಕಡೆಗೆ ನಾನೂ ಆಸೆ ಬಿಟ್ಟೆ. ಕಾನೂನು ಮಾತ್ರ ಇನ್ನೂ ಕಾಯುತ್ತಾ ಕೂತಿದೆ, ಪಾಪ.

ವಿಲ್ ಬರೆದುಕೊಟ್ಟವರೂ ಈ ವಕೀಲರೇ. "ಮಗಳ ಮಕ್ಕಳು ಅನ್ನೋ ಸಾಲು ಬೇಡ ಅಂದಿದ್ದೆ. ನಿಮ್ಮಪ್ಪ ಕೇಳ್ಲಿಲ್ಲ. ಇರ್ಲಿ ಬಿಡಿ, ಅದಿಲ್ದಿದ್ರೆ ಅವಳು ಓದುವಾಗ ನೊಂದ್ಕೋತಾಳೆ ಅಂದ್ರು."

ಇದ್ದರೂ ನೋಯುತ್ತದೆ ಅಪ್ಪ.

ಮೆಟ್ಟಿಲಿಳಿಯುವಾಗ ಅಳು ಒತ್ತರಿಸಿ ಬಂತು. ತಮ್ಮ ಕೇಳಿದ್ದಕ್ಕೆ ಮಂಡಿನೋವು ಎಂದೆ.

ಏಪ್ರಿಲ್ 2

ಕೋರ್ಟಿಗೆ ಕೊಡುವ ಅಫಿಡವಿಟ್ ಬಂದಿದೆ. ನಮ್ಮ ಯಜಮಾನರಿಗೆ ಓದಿ ಹೇಳಿದೆ — "ನನಗೆ ಇನ್ನು ಮುಂದೆ ಮಕ್ಕಳಾಗುವ ಸಂಭವವಿರುವುದಿಲ್ಲ." ಬಸ್ಸು ಓಡಿಸಿ ರಿಟೈರಾದ ಮನುಷ್ಯ, ಮಾತು ಮೊದಲಿಂದಲೂ ಕಮ್ಮಿ. "ನಿನ್ನಿಷ್ಟ" ಎಂದು ಎದ್ದು ಹೋದರು.

ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ದಿನವೂ ಹೀಗೇ. ಆಮೇಲೆ ಒಂದು ದಿನವೂ ಆ ಮಾತೆತ್ತಿಲ್ಲ. ಮರೆತೇಬಿಟ್ಟಿದ್ದಾರೆ. ಅದಕ್ಕೇ ಇಷ್ಟು ವರ್ಷ ಒಳಗೊಳಗೇ ಸಿಟ್ಟು ನನಗೆ.

ಸಹಿ ಹಾಕಲಿಲ್ಲ.

ಏಪ್ರಿಲ್ 20

ಹಾಕಿದೆ. ಹುಡುಗಿಯ ಹೊಟ್ಟೆ ಕಾಣುತ್ತಿದೆ. ಹುಟ್ಟುವ ಮಗುವಿಗೆ ಹುಟ್ಟದವರು ಎಷ್ಟು ದಿನ ಅಡ್ಡ ನಿಲ್ಲುವುದು?

ಜೂನ್ 18

ಕೋರ್ಟು. ಜಡ್ಜ್ ಹೆಂಗಸು, ನನಗಿಂತ ಚಿಕ್ಕವರು. ಡಾಕ್ಟರ ಸರ್ಟಿಫಿಕೇಟ್ ನೋಡಿ ಮೆತ್ತಗೆ ಕೇಳಿದರು, "ನಿಮಗೆ ಇದುವರೆಗೆ ಮಕ್ಕಳಾಗಿಲ್ಲ, ಅಲ್ವಾ?"

"ಇಲ್ಲ" ಎಂದೆ. ಹಾಗೆ ಹೇಳಿ ಹೇಳಿ ರೂಢಿ.

ಹಿಂದಿನ ಬೆಂಚಿನಿಂದ ಇವರು ಎದ್ದು ನಿಂತರು. "ಒಂದಾಗಿತ್ತು ಮೇಡಂ. ಹೆಣ್ಣು. ಒಂದು ರಾತ್ರಿ ಇತ್ತು. ಅದನ್ನೂ ಬರ್ಕೊಳ್ಳಿ."

ಗುಮಾಸ್ತ ಕೂತ್ಕೊಳ್ಳಿ ಎಂದ. ಕೂರಲಿಲ್ಲ. ಜಡ್ಜ್ ಬರೆದುಕೊಂಡ ಮೇಲೇ ಕೂತರು.



ಜುಲೈ 5

ಆರ್ಡರ್ ಬಂತು. ಅರ್ಜಿದಾರಳಿಗೆ ಒಂದು ಹೆಣ್ಣು ಮಗುವಿತ್ತು, ಅದು ತಾತನಿಗಿಂತ ಮೊದಲೇ ತೀರಿಕೊಂಡಿದ್ದರಿಂದ ಅದಕ್ಕೆ ಪಾಲಿಲ್ಲ, ಇನ್ನು ಮಕ್ಕಳಾಗುವ ಸಂಭವವಿಲ್ಲ. ಮುಂದೆ ಮನೆ ತಮ್ಮನ ಮಗಳದು.

ಗೆದ್ದೆವು. ಹುಡುಗಿ ತಬ್ಬಿಕೊಂಡಳು. ನಾನು ಅವಳ ಬೆನ್ನು ಸವರುತ್ತಾ ಮೊದಲ ಸಾಲನ್ನೇ ಮತ್ತೆ ಮತ್ತೆ ಓದಿದೆ. ಮಗುವಿತ್ತು ಎಂದು ಎಲ್ಲಾದರೂ ಬರೆದದ್ದು ಇದೇ ಮೊದಲು.

ಜುಲೈ 6, ಬೆಳಿಗ್ಗೆ

ಬರೆಯುತ್ತಿದ್ದರೆ ಇವರು ಬಂದು ಎದುರು ಕೂತರು. ಮಗು ಹುಟ್ಟಿದ ರಾತ್ರಿ ವಾರ್ಡಿನೊಳಗೆ ಇವರನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟರಂತೆ. ಮುಖದ ಮೇಲಿನ ಬಟ್ಟೆ ಸರಿಸುವ ಧೈರ್ಯ ಬರಲಿಲ್ಲವಂತೆ. ನನಗೆ ಇದು ಗೊತ್ತೇ ಇರಲಿಲ್ಲ.

"ನೀನು ನೋಡಿದ್ದೀಯಲ್ಲ" ಎಂದರು. "ಹೇಗಿದ್ಲು?"

ಕೂದಲು ತುಂಬಾ ಇತ್ತು ಎಂದೆ. ಬಣ್ಣ ನಿಮ್ಮದೇ. ಕಿವಿ ಮಾತ್ರ —