ಕನ್ನಡಿಯ ಹೊತ್ತಿನ ಚಿತ್ರ

ಪ್ರೀತಿಯ ಸಬೋಹತ್ ಅಕ್ಕ,

ಮದುವೆಯ ಆಲ್ಬಮ್ಮಿನ ಜೊತೆ ಈ ಪತ್ರವನ್ನೂ ಕಳಿಸುತ್ತೇನೆ, ಆಲ್ಬಮ್ ಬಿಚ್ಚುವ ಮೊದಲು ಇದನ್ನು ಓದು.

ನಾಳೆ ನಿನ್ನ ಮಗಳು ಮುನೀಸಾಳ ಮದುವೆ. ಇಸ್ತಾಂಬುಲಿನಲ್ಲಿ ನೀನು ನೋಡಿಕೊಳ್ಳುವ ಆ ಮುದುಕಮ್ಮನಿಗೆ ಈಗ ಮಧ್ಯಾಹ್ನದ ಊಟ ಮಾಡಿಸುತ್ತಿರುತ್ತೀಯ. ನಾನು ಇಲ್ಲಿ ನಮ್ಮೂರು ಮಾರ್ಗಿಲಾನಿನಲ್ಲಿ, ನಿನ್ನದೇ ಮನೆಯ ಜಗಲಿಯಲ್ಲಿ ಲೆನ್ಸು ಒರೆಸಿಟ್ಟು ಕೂತಿದ್ದೇನೆ. ಬ್ಯಾಟರಿಗಳು ಒಳಗೆ ಚಾರ್ಜಾಗುತ್ತಿವೆ.

ಹದಿನೇಳು ವರ್ಷದಿಂದ ಮದುವೆಗಳ ಫೋಟೋ ತೆಗೆಯುತ್ತಿದ್ದರೂ ಹಿಂದಿನ ದಿನದ ಕೆಲಸ ಬದಲಾಗಿಲ್ಲ. ಮೊದಲು ಬರಿಗೈಯಲ್ಲಿ ಮನೆಯನ್ನೊಂದು ಸುತ್ತು ಹಾಕುತ್ತೇನೆ. ನಿನ್ನ ಅಂಗಳದಲ್ಲಿ ಹತ್ತೂವರೆಗೆ ಬಿಸಿಲು ಹೊಸ್ತಿಲು ಮುಟ್ಟುತ್ತದೆ, ಹನ್ನೆರಡಕ್ಕೆ ಹೋಗಿಬಿಡುತ್ತದೆ. ಆಮೇಲೆ ಕೈ ಹಾಕದೆ ಕಳಚಿ ಮೆಟ್ಟುವಂಥ ಚಪ್ಪಲಿ ತೆಗೆದಿಡಬೇಕು, ದಿನಕ್ಕೆ ಐವತ್ತು ಸಲ ಜಮಖಾನೆಯ ಮೇಲೆ ಹತ್ತಿ ಇಳಿಯುವವಳಲ್ಲವೇ ನಾನು. ಬೆಳಗ್ಗೆ ಗಂಡಸರಿಗೆ ಪಲಾವ್ ಬಡಿಸುವಾಗ ಹೊರಗಿನ ಚಳಿಯಿಂದ ಒಳಗಿನ ಹಬೆಗೆ ಹೋದರೆ ಲೆನ್ಸು ಬೆವರುತ್ತದೆ. ಅದಕ್ಕೇ ಒಂದು ಕ್ಯಾಮೆರಾವನ್ನು ಇವತ್ತೇ ಆ ಊಟದ ಕೋಣೆಯಲ್ಲಿಟ್ಟಿದ್ದೇನೆ.

ಕೊನೆಗೆ ಹೆಸರುಗಳ ಪಟ್ಟಿ. ಯಾರು ಹಿರಿಯರು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದನ್ನೆಲ್ಲ ಪಕ್ಕದ ಮನೆಯ ಮಸ್ತೂರಾ ಅಜ್ಜಿ ಹೇಳಿ ಬರೆಸಿದಳು. "ಆ ವಾರಗಿತ್ತಿಯರಿಬ್ಬರನ್ನ ಒಟ್ಟಿಗೆ ನಿಲ್ಲಿಸಬೇಡ ಕಣೇ, ನಿನ್ನ ಕ್ಯಾಮೆರಾನೇ ಒಡೆದುಹೋದೀತು. ನನ್ನನ್ನ ಎಡಗಡೆಯಿಂದ ತೆಗಿ. ಬಲಗೆನ್ನೆಗೆ ವಯಸ್ಸಾಗಿದೆ."

ಭಾವ ಅಕ್ಕಿ ಆರಿಸುವವರ ಮಧ್ಯೆ ಓಡಾಡುತ್ತಿದ್ದರು. "ನನ್ನ ಫೋಟೋ ಬೇಡಮ್ಮ, ಮುಂದಿನ ಹಲ್ಲು ಕಟ್ಟಿಸಿಲ್ಲ. ನಿಮ್ಮಕ್ಕ ನೋಡಿ ನಗ್ತಾಳೆ" ಎಂದರು. ಹೇಳಿ, ಕ್ಷೌರಕ್ಕೆಂದು ಪೇಟೆಗೆ ಹೋದರು.

ನಾನು ಫೋಟೋ ತೆಗೆದ ಮೊದಲ ಮದುವೆ ನಿನಗೆ ನೆನಪಿದೆಯೇ? ತಲೆ ಬಗ್ಗಿಸಿ ನಿಂತ ಹುಡುಗಿಗೆ "ಸ್ವಲ್ಪ ನಗು" ಎಂದುಬಿಟ್ಟಿದ್ದೆ. ಅವಳ ಅತ್ತೆ ಎಲ್ಲರೆದುರು, "ಅವಳು ತವರು ಬಿಟ್ಟು ಬರ್ತಿದಾಳೆ ತಾಯಿ, ಸಂತೆಗೆ ಹೊರಟಿಲ್ಲ" ಎಂದಳು. ನಾನು ಅಳುತ್ತ ನಿನ್ನ ಮನೆಗೆ ಬಂದೆ. ನೀನು ಬಿಸಿ ರೊಟ್ಟಿ ಮುರಿದು ಮುಂದಿಟ್ಟು, ಪೂರ್ತಿ ತಿನ್ನಿಸಿದೆ. ಆಮೇಲೆ, "ಇನ್ನು ಮೇಲೆ ಬರೀ ನೋಡು, ಹೇಳಬೇಡ" ಎಂದೆ. ನನ್ನ ಕಸುಬನ್ನು ಅಷ್ಟು ಚೆನ್ನಾಗಿ ಕಲಿಸಿದವರು ಬೇರೆ ಯಾರೂ ಇಲ್ಲ.

ನಿನ್ನ ಮದುವೆಯಲ್ಲಿ ನನಗೆ ಎಂಟು ವರ್ಷ. ಸ್ಟುಡಿಯೋದವನು ತಂದದ್ದು ಒಂದೇ ರೀಲು, ಅದೂ ಉಡುಗೊರೆಯ ದಿಂಬುಗಳನ್ನು ತೆಗೆಯುವುದರಲ್ಲೇ ಮುಗಿದುಹೋಯಿತು. ಪರದೆಯ ಹಿಂದೆ ಅಮ್ಮ ಕನ್ನಡಿ ಹಿಡಿದು, ಅದರಲ್ಲಿ ನೀನೂ ಭಾವನೂ ಮೊದಲ ಸಲ ಮುಖ ನೋಡಿಕೊಂಡಾಗ ಅವನು ಹೊರಗೆ ಚಹಾ ಕುಡಿಯುತ್ತಿದ್ದ. "ನನ್ನದಂತೂ ಇಲ್ಲ, ಮುನೀಸಾಳ ಕನ್ನಡಿಯ ಚಿತ್ರವಾದರೂ ಇರಲಿ" ಎಂದು ನೀನು ಹೋದ ತಿಂಗಳು ಕೇಳಿದ್ದು ಅದಕ್ಕೇ. ಕಾಗದಪತ್ರ ಸರಿಯಿಲ್ಲದ್ದರಿಂದ ಆ ದೇಶ ಬಿಟ್ಟು ಹೊರಟರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದೂ, ಕೈಯಿಂದ ಕೈಗೆ ದಾಟುವ ಫೋನಿನಲ್ಲಿ ಅಳುತ್ತ ಮದುವೆ ನೋಡಲಾರೆ ಎಂದೂ ನೀನೇ ಹೇಳಿದೆ. ನಾನು ಮಾತು ಕೊಟ್ಟೆ.

ಬೇರೆ ಮನೆಗಳಲ್ಲಿ ಕನ್ನಡಿಯನ್ನು ಅತ್ತಿಗೆಯರು ಹಿಡಿಯುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಹಿಡಿಯುವವಳು ತಾಯಿ. ಇವತ್ತು ಬೆಳಗ್ಗೆ ಪರದೆ ಕಟ್ಟುವ ಮೂಲೆಯಲ್ಲಿ ನಾನು ಬೆಳಕು ಅಳೆಯುತ್ತಿದ್ದಾಗ ಮುನೀಸಾ ಬಂದಳು.

"ಕನ್ನಡಿ ನೀನು ಹಿಡೀಬೇಕು ಚಿಕ್ಕಮ್ಮ."

"ನಾನು ಹಿಡಿದರೆ ಫೋಟೋ ಯಾರೇ ತೆಗೀತಾರೆ? ನಿಮ್ಮ ಸೋದರತ್ತೇನ ಕರಿ."

"ಅತ್ತೆ ಕೈ ನಡುಗುತ್ತೆ. ನನ್ನ ಗಂಡನಿಗೆ ನನ್ನ ಮೂಗು ಎರಡಾಗಿ ಕಾಣಲಿ ಅಂತಾನಾ?"

ಕ್ಯಾಮೆರಾವನ್ನು ಅವಳ ಗೆಳತಿಯೊಬ್ಬಳಿಗೆ ಕೊಡೋಣ, ಹೇಗೆ ಒತ್ತಬೇಕೆಂದು ಹೇಳಿಕೊಡುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. "ಯಾರೂ ತೆಗೆಯೋದು ಬೇಡ. ಆ ಫೋಟೋನ ಅಮ್ಮ ಹಾಸಿಗೆ ಪಕ್ಕ ಇಟ್ಕೊತಾಳೆ. ಅವಳ ಜಾಗದಲ್ಲಿ ಇನ್ನೊಬ್ಬರು ನಿಂತಿರೋದನ್ನ ದಿನಾ ಬೆಳಗ್ಗೆ ಎದ್ದು ನೋಡ್ಬೇಕಾ?"

ನಾನು ನಿನಗೆ ಮಾತು ಕೊಟ್ಟಿದ್ದೆನೆಂದು ಹೇಳಿದೆ. "ಹಾಗಾದ್ರೆ ನಾನು ಮುರಿಸಿದೆ ಅಂತ ಬರಿ" ಎಂದಳು. ದನಿ ನಿನ್ನದೇ.

ಮಧ್ಯಾಹ್ನವೆಲ್ಲ ಯೋಚಿಸಿದೆ. ಕ್ಯಾಮೆರಾ ಹಿಡಿದರೆ ನಿನಗೆ ಕೊಟ್ಟ ಮಾತು ಉಳಿಯುತ್ತದೆ. ಆಗ ಬದುಕಿನಲ್ಲಿ ಒಂದೇ ಸಲ ಬರುವ ಹೊತ್ತಿನಲ್ಲಿ ನಿನ್ನ ಮಗಳು ನೋಡುವುದು ನನ್ನ ಮುಖವನ್ನಲ್ಲ, ಒಂದು ಕಪ್ಪು ಗಾಜನ್ನು. ಆದ್ದರಿಂದ ನಾಳೆ ಹನ್ನೊಂದಕ್ಕೆ ಲೆನ್ಸಿಗೆ ಮುಚ್ಚಳ ಹಾಕಿ, ಕ್ಯಾಮೆರಾವನ್ನು ಪರದೆಯ ಹೊರಗಿಟ್ಟು ಹೋಗುತ್ತೇನೆ. ಹಿಡಿದವರಿಗೆ ಕನ್ನಡಿಯೊಳಗೆ ಏನಿದೆಯೆಂದು ಕಾಣುವುದಿಲ್ಲವಂತೆ, ಎದುರಿನ ಎರಡು ಮುಖ ಮಾತ್ರ ಕಾಣುತ್ತವಂತೆ. ಅಮ್ಮ ಹೇಳುತ್ತಿದ್ದಳು.

ಈ ಆಲ್ಬಮ್ಮಿನಲ್ಲಿ ನಿನಗೆ ಎಲ್ಲವೂ ಸಿಗುತ್ತದೆ, ಭಾವನ ಹಲ್ಲೂ ಸಿಗುತ್ತದೆ. ಆ ಒಂದು ಚಿತ್ರ ಮಾತ್ರ ಇರುವುದಿಲ್ಲ. ನಾನು ಮರೆತೆನೆಂದುಕೊಳ್ಳಬೇಡ. ಅಲ್ಲಿ ಒಂದು ಪುಟವನ್ನು ಖಾಲಿ ಬಿಡುತ್ತೇನೆ. ಅದು ನೀನು ನಿಲ್ಲಬೇಕಾಗಿದ್ದ ಜಾಗ, ಅದನ್ನು ಇನ್ನೊಬ್ಬರಿಂದ ತುಂಬಿಸಲು ನಿನ್ನ ಮಗಳು ಒಪ್ಪಲಿಲ್ಲ. ಬೈಯಬೇಕೆನಿಸಿದರೆ ನನಗೆ ಬೈ.

ನಿನ್ನ ಕೈ ಗಟ್ಟಿಯಾಗಿರಲಿ, ಬರುವ ದಾರಿ ಬೇಗ ತೆರೆಯಲಿ.

ನಾಳೆ ಒಂದು ನಿಮಿಷ ನಿನ್ನ ಬದಲಿಗೆ ನಿಲ್ಲುವ,
ನಿನ್ನ ತಂಗಿ
ಇನೋಬತ್