ಹಿಂದಿನ ಸಂಬಳ

ಬುಧವಾರ, ೧೧ನೇ ತಾರೀಖು
ಮಧ್ಯಾಹ್ನ

ಪ್ರೀತಿಯ ಅಣ್ಣ,

ತಂಗಿಯ ನಮಸ್ಕಾರ. ನೀವಿಬ್ಬರೂ ಮಗಳ ಊರಿಗೆ ಹೋಗಿ ಎರಡು ತಿಂಗಳಾಯಿತು, ನನ್ನಿಂದ ಒಂದು ಸಾಲು ಬಂದಿಲ್ಲ ಎಂದು ನೀನು ಮುಖ ಊದಿಸಿಕೊಂಡು ಕೂತಿರುತ್ತೀಯೆಂದು ಗೊತ್ತು. ಅತ್ತಿಗೆ ಸಮಾಧಾನ ಮಾಡುತ್ತಿರುತ್ತಾರೆ, ಅದೂ ಗೊತ್ತು. ತಪ್ಪು ನನ್ನದೇ. ಫೋನಾದರೂ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ‘ಹೂಂ ಅಣ್ಣ, ಆಯ್ತು ಅಣ್ಣ’ ಎನ್ನುವವಳು. ಹೇಳಬೇಕಾದ್ದು ಗಂಟಲಲ್ಲೇ ಉಳಿದುಬಿಡುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಮೊದಲು ನಿನ್ನ ಹಲ್ಲಿನ ವಿಷಯ. ಕೆಳಗಿನ ಸೆಟ್ಟು ಎಡಗಡೆ ಒಸಡಿಗೆ ಒತ್ತುತ್ತದೆ ಎಂದು ಹೊರಡುವಾಗ ಹೇಳಿದ್ದೆಯಲ್ಲ, ಅದನ್ನು ಉಪ್ಪುಕಾಗದ ತೆಗೆದುಕೊಂಡು ನೀನೇ ಉಜ್ಜಲು ಹೋಗಬೇಡ. ಹೋದ ಸಲ ಉಜ್ಜಿ ಮಾಡಿಕೊಂಡ ಅವಾಂತರ ಸಾಕು. ಊಟ ಆದ ಮೇಲೆ ಒಂದಿಷ್ಟು ಹೊತ್ತು ತೆಗೆದಿಡು. ನೀನು ಇಲ್ಲಿಗೆ ಬಂದಾಗ ಅರ್ಧ ಗಂಟೆಯಲ್ಲಿ ಸರಿಮಾಡಿಕೊಡುತ್ತೇನೆ.

ನನ್ನ ಹೊಸ ಕೋಣೆ ಮಹಡಿಯ ಮೇಲಿದೆ. ಚಿಕ್ಕದು, ಆದರೆ ಕಿಟಕಿ ದೊಡ್ಡದು. ನಮ್ಮ ಹಲ್ಲು ಕಟ್ಟುವ ಲ್ಯಾಬು ಮಾರಿದಾಗ ಕೊಂಡವನಿಗೆ ಬೇಡವಾದ ಪ್ಲಾಸ್ಟರ್ ದವಡೆಗಳನ್ನೆಲ್ಲ ಒಂದು ಮೂಟೆ ಕಟ್ಟಿ ತಂದಿದ್ದೆನಲ್ಲ, ಅವನ್ನು ಗೂಡಿನಲ್ಲಿ ಸಾಲಾಗಿ ಜೋಡಿಸಿದ್ದೇನೆ. ಮನೆ ಒಡತಿ ಬಾಡಿಗೆ ಮಾತಾಡಲು ಮೇಲೆ ಬಂದವರು ಅವನ್ನು ಕಂಡು ಹೌಹಾರಿಬಿಟ್ಟರು. “ಇಷ್ಟು ಬಾಯಿ ಇಟ್ಕೊಂಡು ಹೇಗಮ್ಮ ನಿದ್ದೆ ಮಾಡ್ತೀಯ?” ಎಂದರು. ಅವರು ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಬೀದಿಗೆಲ್ಲ ಅವರು ಕಂಡಕ್ಟರಮ್ಮ. ಈಗ ನನಗೂ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಎರಡು ಕಡೆ ಕೆಲಸ ಸಿಕ್ಕಿದೆ ಅಣ್ಣ! ನಲವತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಕೆಲಸ ಕೇಳಿಕೊಂಡು ಹೋದೆ, ಎರಡು ಕಡೆಯೂ ಬಾ ಎಂದರು.

ಒಂದು, ದೊಡ್ಡ ರಸ್ತೆಯ ಹಲ್ಲಿನ ಆಸ್ಪತ್ರೆ. ಒಳಗೇ ಲ್ಯಾಬು ಇದೆ, ಆರು ಜನ ಹಲ್ಲು ಕಟ್ಟುತ್ತಾರೆ. ಆಫೀಸಿನಲ್ಲಿ ಒಬ್ಬ ಹೆಂಗಸು ನಾಲ್ಕು ಪುಟದ ಫಾರಂ ಕೊಟ್ಟರು. ಹೆಸರು, ವಿಳಾಸ, ಓದು, ಎಲ್ಲ ಸರಾಗವಾಗಿ ತುಂಬಿದೆ. ಮೂರನೇ ಪುಟದಲ್ಲಿ ‘ಹಿಂದಿನ ಸಂಬಳ’ ಎಂದು ಒಂದು ಚೌಕ ಇತ್ತು. ಅಲ್ಲಿ ಪೆನ್ನು ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ ಶಾಯಿ ಒಸರಿ ಚುಕ್ಕೆಯಾಯಿತು. ಏನೆಂದು ಬರೆಯಲಿ? ತಿಂಗಳ ಮೊದಲ ದಿನ ಅತ್ತಿಗೆ ಡಬ್ಬಿಯಿಂದ ತೆಗೆದು ಕೈಖರ್ಚಿಗೆ ಕೊಡುತ್ತಿದ್ದರಲ್ಲ, ಅದನ್ನೇ? ಖಾಲಿ ಬಿಟ್ಟೆ.

“ಇದನ್ಯಾಕೆ ಬಿಟ್ರಿ?” ಎಂದು ಆ ಹೆಂಗಸು ಕೇಳಿದರು.

“ಸಂಬಳ ಅಂತ ಇರ್ಲಿಲ್ಲ ಮೇಡಂ. ಅಣ್ಣಂದೇ ಲ್ಯಾಬು.”

“ಹಾಗಾದ್ರೆ ಅನುಭವ ಇಲ್ಲ ಅಂತ ಹಾಕ್ಕೋಬೇಕಾಗತ್ತೆ. ಹೊಸಬರ ದರ್ಜೆ. ಹದಿನೆಂಟು ಸಾವಿರ.”

ಹತ್ತೊಂಬತ್ತು ವರ್ಷ ಮೇಡಂ, ಎಂದೆ. ಅವರು ಕನಿಕರದಿಂದಲೇ ನೋಡಿದರು. ವಿಚಾರಿಸಲು ಯಾರದಾದರೂ ನಂಬರು ಕೊಡಿ ಎಂದರು. ಕಣ್ಣು ಮುಚ್ಚಿಕೊಂಡು ನಿನ್ನದು ಕೊಟ್ಟೆ. ಈ ಕಾಗದ ನಿನ್ನ ಕೈ ಸೇರುವ ಮುನ್ನವೇ ಅವರ ಫೋನು ಬಂದುಬಿಡುತ್ತದೆ. ಬರಲಿ. ನಿನಗೆ ನಾನು ಹೇಳಿಕೊಡಬೇಕಾದ್ದು ಏನಿದೆ?

ಎರಡನೆಯದು ನಿನಗೆ ಗೊತ್ತಿರುವ ಡಾಕ್ಟರಮ್ಮನದು. ನಮ್ಮ ಲ್ಯಾಬಿಗೆ ಅಳತೆ ಕಳಿಸುತ್ತಿದ್ದರಲ್ಲ, ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಈಗ ಅವರೇ ಸಣ್ಣ ಲ್ಯಾಬು ಮಾಡುತ್ತಿದ್ದಾರೆ. ನನ್ನನ್ನು ಕೂರಿಸಿ, ಕಾಫಿ ಕೊಟ್ಟು, ಇಪ್ಪತ್ತನಾಲ್ಕು ಎಂದರು. ನನಗೆ ಕುಣಿಯುವಷ್ಟು ಖುಷಿ. ಕಾಗದದಲ್ಲಿ ಬರೆದುಕೊಡುತ್ತೀರಾ ಎಂದು ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡು, “ಕಾಗದ ಪತ್ರ ಎಲ್ಲ ಯಾಕಮ್ಮಾ? ನೀನು ನಮ್ಮನೆಯವಳ ಥರ ಇದ್ದುಬಿಡು” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಾನು ಕಾಫಿ ಲೋಟ ಕೆಳಗಿಟ್ಟೆ. ಮನೆಯವಳ ಥರ ಇದ್ದು ನನಗೆ ಅಭ್ಯಾಸ ಇದೆ, ಅದರ ಚೌಕ ಖಾಲಿ ಇರುತ್ತದೆ.

ಶನಿವಾರ ಎರಡೂ ಕಡೆ ಮಾತಾಡಬೇಕು. ಇಲ್ಲಿ ಕಂಡಕ್ಟರಮ್ಮ ನನಗೆ ತರಬೇತಿ ಕೊಡುತ್ತಿದ್ದಾರೆ. “ನಾನು ಮೂವತ್ತು ವರ್ಷ ಜನರ ಹತ್ರ ದುಡ್ಡು ಕೇಳಿದವಳು. ನಗ್ತಾನೂ ಕೇಳಬಾರದು, ಅಳ್ತಾನೂ ಕೇಳಬಾರದು. ಎಲ್ಲಿಗೆ, ಎಷ್ಟು, ಅಷ್ಟೇ. ಆಮೇಲೆ ಕೈ ಚಾಚಿ ನಿಂತ್ಕೋಬೇಕು.” ಎಷ್ಟು ಕೇಳ್ತೀಯ ಎಂದರು. ಇಪ್ಪತ್ತು ಎಂದೆ. ತಲೆ ಮೇಲೆ ಮೊಟಕಿದರು. ಆಸ್ಪತ್ರೆಯ ಲ್ಯಾಬಿನಲ್ಲಿ ಹತ್ತು ವರ್ಷ ದಾಟಿದವರಿಗೆ ಮೂವತ್ತರ ಮೇಲಿದೆ ಎಂದು ಅವರೇ ಎಲ್ಲಿಂದಲೋ ವಿಚಾರಿಸಿಕೊಂಡು ಬಂದಿದ್ದರು. ಆದ್ದರಿಂದ ಈಗ ಬೆಳಗ್ಗೆ ಎದ್ದು ಗೂಡಿನ ದವಡೆಗಳ ಎದುರು ನಿಂತು “ಮೂವತ್ತೆರಡು ಸಾವಿರ” ಎಂದು ಅಭ್ಯಾಸ ಮಾಡುತ್ತೇನೆ. ಮೊದಲ ದಿನ ದನಿಯೇ ಹೊರಡಲಿಲ್ಲ. ಇವತ್ತು ಪರವಾಗಿಲ್ಲ. ಅಷ್ಟು ಬಾಯಿಗಳಲ್ಲಿ ಒಂದಾದರೂ ಎದುರು ಮಾತಾಡಿಲ್ಲ.

ಶನಿವಾರ ಏನಾಯಿತೆಂದು ಸೇರಿಸಿ ಒಟ್ಟಿಗೇ ಅಂಚೆಗೆ ಹಾಕುತ್ತೇನೆ.

ಭಾನುವಾರ, ೧೫ನೇ ತಾರೀಖು

ಅಣ್ಣ,

ಮುಂದುವರಿಸುತ್ತಿದ್ದೇನೆ. ಕೈಬರಹ ಬೇರೆಯಾಗಿ ಕಂಡರೆ ಗಾಬರಿಯಾಗಬೇಡ, ಪೆನ್ನು ಹೊಸದು.

ನಿನ್ನೆ ಬೆಳಗ್ಗೆ ಆಸ್ಪತ್ರೆಗೆ ಹೋದೆ. ಆಫೀಸಿನ ಹೆಂಗಸು ನನ್ನ ಫಾರಂ ಮುಂದಿಟ್ಟುಕೊಂಡು ಕೂತಿದ್ದರು. “ನಿಮ್ಮಣ್ಣಂಗೆ ಫೋನ್ ಮಾಡಿ ವಿಚಾರಿಸಿದ್ವಿ. ಹದಿನೆಂಟೇ ಆಗೋದು” ಎಂದರು. ಆ ಫೋನಿನ ವಿಷಯ ಆಮೇಲೆ ಬರೆಯುತ್ತೇನೆ. ಅಲ್ಲಿಂದ ಎದ್ದು ಬಂದುಬಿಡೋಣ ಎನ್ನಿಸಿತು. ಚೀಲ ಹೆಗಲಿಗೆ ಹಾಕಿಕೊಂಡೂ ಆಗಿತ್ತು. ಆದರೆ ಇಷ್ಟು ದಿನ ಅಭ್ಯಾಸ ಮಾಡಿದ ಬಾಯಿ, ನನ್ನನ್ನು ಕೇಳದೆ ತಾನೇ ತೆರೆದುಕೊಂಡಿತು.

“ಮೂವತ್ತೆರಡು ಸಾವಿರ” ಎಂದೆ.

ಅವರು ತಲೆಯೆತ್ತಿದರು. ನಾನು ಸುಮ್ಮನೆ ನಿಂತೆ. ನಗಲಿಲ್ಲ, ಅಳಲಿಲ್ಲ. ಕೊನೆಗೆ ಅವರೇ, “ಯಾವ ಆಧಾರದ ಮೇಲೆ?” ಎಂದರು.

“ಲ್ಯಾಬಿಗೆ ಕರ್ಕೊಂಡು ಹೋಗಿ. ಅಲ್ಲಿರೋ ಯಾವುದಾದ್ರೂ ಅಚ್ಚು ಕೊಡಿ. ಇಲ್ಲೇ ಕೂತು ಮೇಣದಲ್ಲಿ ಒಂದು ಸೆಟ್ ಕೂರಿಸಿ ತೋರಿಸ್ತೀನಿ. ಸರಿ ಇಲ್ಲದಿದ್ರೆ ಹದಿನೆಂಟೂ ಬೇಡ.”

ಕರೆದುಕೊಂಡು ಹೋದರು. ಲ್ಯಾಬಿನ ಮುಖ್ಯಸ್ಥರು ಅರವತ್ತರ ಹತ್ತಿರದವರು, ಹುಬ್ಬು ಗಂಟಿಕ್ಕಿಕೊಂಡೇ ಹುಟ್ಟಿದವರ ಥರ ಇದ್ದಾರೆ. ಬೇಕೆಂದೇ ಕಷ್ಟದ ಅಚ್ಚು ಕೊಟ್ಟರು: ಕೆಳದವಡೆ ಸವೆದು ಚಪ್ಪಟೆಯಾದ ಮುದುಕಿಯದು. ನಾನು ಕೂತೆ. ದೀಪ ಹಚ್ಚಿ ಮೇಣ ಮೆತ್ತಗಾಗುವ ವಾಸನೆ ಬಂತು ನೋಡು, ಕೈಗೆ ಜೀವ ಬಂತು. ಎರಡು ಗಂಟೆ ಯಾರ ಕಡೆಗೂ ನೋಡಲಿಲ್ಲ. ಕೆಳಸಾಲಿನ ಮುಂದಿನ ಹಲ್ಲುಗಳಿಗೆ ಬಂದಾಗ ಎಂದಿನಂತೆ ಎಡಗಡೆಯ ಒಂದನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸಿದೆ. ನಿನಗೆ ನೆನಪಿದೆಯಲ್ಲ, ಮೊದಲ ಸಲ ಹಾಗೆ ಮಾಡಿದಾಗ ನೀನು ಕೆಂಡಾಮಂಡಲವಾಗಿದ್ದೆ. “ಹಲ್ಲು ಕಟ್ಟೋದು ಅಂದ್ರೆ ನೆಟ್ಟಗೆ ಕಟ್ಟೋದು” ಎಂದು ಕೂಗಿದ್ದೆ. ಯಾರ ಬಾಯಲ್ಲೂ ಎಲ್ಲ ಹಲ್ಲು ನೆಟ್ಟಗಿರುವುದಿಲ್ಲ, ಒಂದು ಓರೆ ಇದ್ದರೆ ನೋಡಿದವರಿಗೆ ಸ್ವಂತದ್ದೆನಿಸುತ್ತದೆ ಎಂದು ನಾನು ಹಟ ಹಿಡಿದಿದ್ದೆ. ಆಮೇಲೆ ಡಾಕ್ಟರುಗಳೇ ಅದನ್ನು ಕೇಳಿ ಮಾಡಿಸತೊಡಗಿದರು.

ಮುಖ್ಯಸ್ಥರು ಸೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಆ ಓರೆ ಹಲ್ಲಿನ ಹತ್ತಿರ ಬೆರಳು ನಿಂತಿತು. “ಈ ಹಲ್ಲು ನಂಗೊತ್ತು” ಎಂದರು. “ರಿಪೇರಿಗೆ ಅಂತ ಬರೋ ಸೆಟ್‌ಗಳಲ್ಲಿ ಎಷ್ಟೋ ವರ್ಷದಿಂದ ನೋಡ್ತಿದೀನಿ. ಯಾರಪ್ಪಾ ಈ ಪುಣ್ಯಾತ್ಮ ಅಂದ್ಕೋತಿದ್ದೆ. ನಿಮ್ಮ ಲ್ಯಾಬಿನ ಯಜಮಾನ್ರು ಅಂತಲೇ ತಿಳಿದಿದ್ದೆ.”

“ನಾನೇ” ಎಂದೆ.

“ನಿಮ್ಮಣ್ಣ?”

ಇಲ್ಲಿ ನಾನು ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಅಲ್ಲಿಗೇ ಮಾತು ಮುಗಿದು ಹೋಗುತ್ತಿತ್ತು. ಏಳು ವರ್ಷದ ಹಿಂದೆ ನಿನ್ನ ಕೈ ನಡುಗಲು ಶುರುವಾದ ಮೇಲೆ ಆ ಲ್ಯಾಬಿನಿಂದ ಹೊರಬಿದ್ದ ಒಂದೊಂದು ಹಲ್ಲೂ ನಾನು ಕಟ್ಟಿದ್ದು. ಅದು ನಿನಗೆ, ನನಗೆ, ಅತ್ತಿಗೆಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಿನ್ನೆಯೂ ಯಾರಿಗೂ ಗೊತ್ತಾಗಲಿಲ್ಲ. “ಕಲಿಸಿದ್ದು ಅಣ್ಣ” ಎಂದೆ, ಅಷ್ಟೇ. ಅದೂ ನಿಜವೇ.

ಮುಖ್ಯಸ್ಥರು ಆಫೀಸಿನ ಹೆಂಗಸಿನ ಕಡೆ ತಿರುಗಿ, “ಇವರನ್ನ ಹೊಸಬರು ಅಂತ ಬರೆದ್ರೆ ನಾನು ಇಲ್ಲಿ ಕಸ ಗುಡಿಸೋನು ಅಂತ ಬರ್ಕೊಳ್ಳಿ” ಎಂದರು. ಆಮೇಲೆ ಸ್ವಲ್ಪ ಎಳೆದಾಟವಾಯಿತು. ಇಪ್ಪತ್ತಾರು ಎಂದರು, ಇಪ್ಪತ್ತೆಂಟು ಎಂದರು. ನಾನು ಮೂವತ್ತೆರಡರಿಂದ ಎರಡು ಮೆಟ್ಟಿಲು ಇಳಿದು ಅಲ್ಲೇ ಕೂತೆ. ಮೂವತ್ತಕ್ಕೆ ಒಪ್ಪಿಗೆಯಾಯಿತು. ಹಿರಿಯರ ದರ್ಜೆ, ವಾರಕ್ಕೊಂದು ರಜ, ತಿಂಗಳಿಗೊಂದು ಸಂಬಳದ ಚೀಟಿ, ಅದರ ಮೇಲೆ ನನ್ನ ಹೆಸರು. ಆದರೆ ಒಂದು ಷರತ್ತು. ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದಕ್ಕೆ ಹಿಂದಿನ ಯಜಮಾನರ ಪತ್ರ ಬೇಕು. ಇಪ್ಪತ್ತೈದನೇ ತಾರೀಖಿನೊಳಗೆ ಅದು ಬರದಿದ್ದರೆ ನಿಯಮದ ಪ್ರಕಾರ ಮತ್ತೆ ಹದಿನೆಂಟಕ್ಕೇ ಇಳಿಸಬೇಕಾಗುತ್ತದೆ ಎಂದು ಆ ಹೆಂಗಸು ಸ್ಪಷ್ಟವಾಗಿ ಹೇಳಿದರು.

ಸಂಜೆ ಡಾಕ್ಟರಮ್ಮನ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸದೆ, “ಮೂವತ್ತಮೂರು ಕೊಡ್ತೀನಿ, ಬಾ” ಎಂದರು. ಬರೆದುಕೊಡಿ ಎಂದೆ. ಅವರಿಗೆ ನಿಜಕ್ಕೂ ಬೇಸರವಾಯಿತು. “ನನ್ನ ಮೇಲೆ ನಂಬಿಕೆ ಇಲ್ವಾ?” ಎಂದರು. ನಂಬಿಕೆ ಇದೆ, ಅದಕ್ಕೇ ಭಯ ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಕೈ ಮುಗಿದು ಬಂದೆ. ಮೂರು ಸಾವಿರ ಬಿಟ್ಟು ಬಂದೆಯಾ ಎಂದು ಕಂಡಕ್ಟರಮ್ಮ ಮೊದಲು ಬೈದರು. ಕಾರಣ ಹೇಳಿದೆ. ಆಮೇಲೆ, “ಟಿಕೆಟ್ ಹರಿದು ಕೈಗೆ ಕೊಟ್ಟರೇನೇ ಪ್ರಯಾಣ ಮಾಡಿದ್ದಕ್ಕೆ ಸಾಕ್ಷಿ, ಬಿಡು” ಎಂದರು.

ಆದ್ದರಿಂದ ಅಣ್ಣ, ನನಗೆ ನಿನ್ನಿಂದ ಒಂದು ಪತ್ರ ಬೇಕು. ಲ್ಯಾಬಿನ ಹೆಸರಿರುವ ಹಾಳೆಗಳು ಇನ್ನೂ ಒಂದು ಕಟ್ಟು ನಿನ್ನ ಬಳಿ ಇವೆ, ಮೊಮ್ಮಗಳು ಪುಟ್ಟಿ ಅದರ ಹಿಂದೆ ಚಿತ್ರ ಬರೆಯುತ್ತಾಳೆ ಎಂದು ಅತ್ತಿಗೆ ಹೇಳಿದ್ದರು. ಅದರಲ್ಲಿ ಒಂದು ಸಾಕು. ಹೊಗಳಿಕೆ ಬೇಡ, ಒಳ್ಳೆಯ ಹುಡುಗಿ ಎನ್ನುವುದೂ ಬೇಡ. ಹತ್ತೊಂಬತ್ತು ವರ್ಷ ಈ ಲ್ಯಾಬಿನಲ್ಲಿ ಹಲ್ಲು ಕಟ್ಟುವ ಕೆಲಸ ಮಾಡಿದ್ದಾಳೆ ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿ ಕಳಿಸು. ಸಹಿ ನಡುಗಿದರೆ ನಡುಗಲಿ. ಇದುವರೆಗೆ ನಿನ್ನನ್ನು ನಾನು ಏನೂ ಕೇಳಿಲ್ಲ. ಲ್ಯಾಬು ಮಾರಿದಾಗಲೂ ಕೇಳಲಿಲ್ಲ, ಇನ್ನು ಮುಂದೆಯೂ ಅದನ್ನು ಕೇಳುವುದಿಲ್ಲ. ಇದನ್ನು ಮಾತ್ರ ಕೇಳುತ್ತಿದ್ದೇನೆ, ಇದನ್ನು ಬಿಡುವುದಿಲ್ಲ. ಬರದಿದ್ದರೆ ನಾನೇ ಬಸ್ಸು ಹತ್ತಿ ಬಂದು ನಿನ್ನ ಎದುರು ಕೂರುತ್ತೇನೆ.

ಅತ್ತಿಗೆಗೆ ನಮಸ್ಕಾರ ತಿಳಿಸು. ನನಗೆ ಎರಡು ಹೊತ್ತಿನ ಅನ್ನ ಎಂದೂ ತಪ್ಪಿಸದವರು ಅವರು, ಅದನ್ನು ನಾನು ಮರೆತಿಲ್ಲ. ಪುಟ್ಟಿಗೆ ಅತ್ತೆಯಜ್ಜಿಯ ಮುತ್ತು. ಅವಳು ನಗುತ್ತಾ ಬೆಳೆಯಲಿ, ಕೇಳುವುದನ್ನು ಕೇಳಿಯೇ ಪಡೆಯುವವಳಾಗಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ. ಈ ಸಲ ಅದು ಅಂಚೆಯಲ್ಲಿ ಬರಲಿ.

ಇಂತಿ ನಿನ್ನ ತಂಗಿ

ವಿ.ಸೂ.: ಫೋನಿನ ವಿಷಯ ಬರೆಯುತ್ತೇನೆ ಎಂದಿದ್ದೆ. ಆ ಹೆಂಗಸು ನೀನು ಹೇಳಿದ್ದನ್ನು ನನ್ನ ಫಾರಮ್ಮಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದರು. ಮೇಜಿನ ಈಚೆಯಿಂದ ತಲೆಕೆಳಗಾಗಿ ಕಂಡರೂ ಓದಿಕೊಂಡೆ. ‘ಮನೇಲಿ ಸುಮ್ನೆ ಕೂತಿರಬಾರದು ಅಂತ ಲ್ಯಾಬಿಗೆ ಬರ್ತಿದ್ಲು. ಸಣ್ಣಪುಟ್ಟ ಸಹಾಯ ಮಾಡ್ತಿದ್ಲು.’ ನೀನು ಕೆಟ್ಟದ್ದು ಮಾಡಬೇಕೆಂದು ಹೇಳಿದ್ದಲ್ಲ, ಗೊತ್ತು. ನಿನಗೆ ಹಾಗೇ ಅನ್ನಿಸಿದೆ, ಹಾಗೇ ಹೇಳಿದ್ದೀಯ. ನನಗೆ ನೋವಾಗಿದ್ದು ಅದಕ್ಕೇ. ನಿನ್ನೆ ಇಡೀ ದಿನ ಗಟ್ಟಿಯಾಗಿದ್ದವಳು ಮನೆಗೆ ಬಂದು ಕಿಟಕಿಯ ಹತ್ತಿರ ಕೂತು ಅತ್ತುಬಿಟ್ಟೆ.

ಅಣ್ಣ, ಆ ಮಾತನ್ನು ನೀನು ಆಡಿದ್ದು ನಾನು ಕಟ್ಟಿಕೊಟ್ಟ ಹಲ್ಲುಗಳಿಂದ. ಪತ್ರ ಬರೆಯಲು ಕೂರುವ ಮುಂಚೆ ಎದ್ದು ಹೋಗಿ ಕನ್ನಡಿಯಲ್ಲಿ ಒಮ್ಮೆ ಬಾಯಿ ತೆರೆದು ನೋಡಿಕೋ. ಕೆಳಸಾಲಿನಲ್ಲಿ, ಎಡಗಡೆ ಮುಂದಿನದು, ಕೂದಲೆಳೆಯಷ್ಟು ಓರೆ ಇದೆ.