ಹಾಲು ಉಕ್ಕಿಸದ ಅಪ್ಪನ ಅಹವಾಲು

ಹಾಸ್ಯ ಧಾರಾವಾಹಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಪ್ರತಿ ಶನಿವಾರ ಸಂಜೆ ಏಳೂವರೆಗೆ ನಿಮ್ಮ ವಾಹಿನಿಯಲ್ಲಿ ಬರುವ, ವಿಚ್ಛೇದನವಾದ ಅಪ್ಪನೊಬ್ಬನ ಧಾರಾವಾಹಿಯ ಮೇಲೆ ನನ್ನ ದೂರಿದೆ. ಅದು ನನ್ನ ಮಾನ ಕಳೆದಿದೆ, ನನ್ನ ವಾಷಿಂಗ್ ಮಷೀನನ್ನು ಕೆಡಿಸಿದೆ, ನನಗೆ ಸಿಗಬೇಕಿದ್ದ ಬುಧವಾರಗಳಿಗೆ ಕಲ್ಲು ಹಾಕುವುದರಲ್ಲಿದೆ. ಮೊದಲಿನ ಎರಡನ್ನು ಹೇಗೋ ನುಂಗಿಕೊಳ್ಳುತ್ತೇನೆ. ಈ ಪತ್ರ ಮೂರನೆಯದಕ್ಕಾಗಿ. ನಿಮ್ಮ ಕಚೇರಿಗೆ ನೇರವಾಗಿ ಕಳಿಸಿದ ಎರಡು ಪತ್ರಗಳಿಗೆ "ನಿಮ್ಮ ಮೆಚ್ಚುಗೆಗೆ ಧನ್ಯವಾದ" ಎಂಬ ಅಚ್ಚು ಹಾಕಿದ ಉತ್ತರ ಬಂದದ್ದರಿಂದ, ಈ ಸಲ ನಾಲ್ಕು ಜನರಿಗೆ ಕೇಳುವಂತೆ ಬರೆಯುತ್ತಿದ್ದೇನೆ.

ಈ ಧಾರಾವಾಹಿಯನ್ನು ನೋಡದ ಪುಣ್ಯವಂತರು ಯಾರಾದರೂ ಇದ್ದರೆ ಅವರಿಗಾಗಿ ಎರಡು ಮಾತು. ಒಂದು ಫ್ಲ್ಯಾಟು. ಅದರಲ್ಲಿ ಒಬ್ಬ ಅಪ್ಪ, ಎಂಟು ವರ್ಷದ ಒಬ್ಬಳು ಮಗಳು. ಅಪ್ಪ ಒಲೆಯ ಮೇಲೆ ಹಾಲಿಡುತ್ತಾನೆ. ಫೋನು ಬರುತ್ತದೆ. ಹಾಲು ಉಕ್ಕುತ್ತದೆ. "ಅಯ್ಯೋ, ಮತ್ತೆ ಮರೆತೆ" ಎಂದು ತಲೆ ಚಚ್ಚಿಕೊಳ್ಳುತ್ತಾನೆ, ಎಲ್ಲಿಯೋ ಕೂತ ಕಾಣದ ಜನ ಗೊಳ್ಳೆಂದು ನಗುತ್ತಾರೆ. ಆಮೇಲೆ ಒಂದು ಕಾಲಿಗೆ ಕರಿಯ, ಇನ್ನೊಂದಕ್ಕೆ ನೀಲಿ ಕಾಲುಚೀಲ ಹಾಕಿಕೊಂಡು ಆಫೀಸಿಗೆ ಓಡುತ್ತಾನೆ. ಶಾಲೆಯ ಸಭೆಗೆ ಒಂದು ದಿನ ತಡವಾಗಿ ಹೋಗುತ್ತಾನೆ. ಎದುರುಮನೆಯ ಹೆಂಗಸು ಮುಚ್ಚಿದ ಪಾತ್ರೆ ಹಿಡಿದು ಬಂದು ಮರುಕದಿಂದ ನೋಡುತ್ತಾಳೆ. ಕೊನೆಗೆ ಮಗಳು ಸೊಂಟದ ಮೇಲೆ ಕೈಯಿಟ್ಟುಕೊಂಡು, "ನಾನಿಲ್ದೇ ಇದ್ರೆ ನಿನ್ನ ಗತಿ ಏನಪ್ಪಾ" ಎಂದು ಕೇಳುತ್ತಾಳೆ. ಅವನು ಅವಳನ್ನು ತಬ್ಬಿಕೊಂಡು, "ನೀನಿಲ್ದೇ ನಂಗಾಗಲ್ಲ ಕಂದಾ" ಎನ್ನುತ್ತಾನೆ. ಪಿಟೀಲು ಕುಯ್ಯುತ್ತದೆ. ಮುಂದಿನ ಶನಿವಾರ ಮತ್ತೆ ಹಾಲು. ಇದುವರೆಗಿನ ನೂರಾ ಹನ್ನೆರಡು ಕಂತುಗಳಲ್ಲಿ ಹಾಲು ತೊಂಬತ್ತನಾಲ್ಕು ಸಲ ಉಕ್ಕಿದೆ. ಇದು ನನ್ನ ಲೆಕ್ಕವಲ್ಲ, ನನ್ನ ಒಂಬತ್ತು ವರ್ಷದ ಮಗಳದು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೀಟು ಹಾಕಿಟ್ಟಿದ್ದಾಳೆ.

ಕೆಲವು ಸಂದೇಹಗಳಿವೆ ಸ್ವಾಮಿ, ಪರಿಹರಿಸಿ. ನಿಮ್ಮ ಕಥಾನಾಯಕ ಕಟ್ಟಡಗಳ ನಕ್ಷೆ ಬರೆಯುವವನಂತೆ. ಅರ್ಧ ಲೀಟರು ಹಾಲನ್ನು ಐದು ನಿಮಿಷ ಕಾಯಲಾರದವನು ಹನ್ನೆರಡು ಮಹಡಿ ಎಬ್ಬಿಸುತ್ತಾನೆಯೇ? ಆ ಕಟ್ಟಡಗಳಲ್ಲಿ ವಾಸವಾಗಿರುವವರು ಯಾವ ಧೈರ್ಯದ ಮೇಲೆ ನಿದ್ದೆ ಮಾಡುತ್ತಾರೆ? ಮದುವೆಗೆ ಮುಂಚೆ ಅವನು ಎಂಟು ವರ್ಷ ಒಬ್ಬನೇ ಇದ್ದನೆಂದು ಮೂರನೆಯ ಕಂತಿನಲ್ಲಿ ನೀವೇ ಹೇಳಿದ್ದೀರಿ. ಆಗ ಬದುಕಿದ್ದು ಗಾಳಿ ಕುಡಿದೇ? ಅಥವಾ ವಿಚ್ಛೇದನದ ಆದೇಶಕ್ಕೆ ಸಹಿ ಹಾಕುವಾಗ ನ್ಯಾಯಾಧೀಶರು ಗಂಡಸಿನ ಎರಡೂ ಕೈಗಳನ್ನು ಕಡತದಲ್ಲಿ ಇಟ್ಟುಕೊಂಡುಬಿಡುತ್ತಾರೆಯೇ? ನನಗೂ ಆ ಆದೇಶ ಬಂದು ಎರಡು ವರ್ಷವಾಯಿತು. ಮನೆಗೆ ಬಂದು ನೋಡಿಕೊಂಡೆ, ಕೈಗಳು ಇದ್ದವು.

ಆ ಕೈಗಳ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ಅವೇ ನನ್ನ ಅನ್ನ. ನಾನು ಹಲ್ಲುಸೆಟ್ಟು ಮಾಡುವವನು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರು ಎರೆದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲನ್ನು ಕೂರಿಸುತ್ತೇನೆ. ಕೂದಲೆಳೆಯಷ್ಟು ಏರುಪೇರಾದರೆ ಎಲ್ಲಿಯೋ ಒಬ್ಬ ಅಜ್ಜಿಯ ವಸಡು ಹುಣ್ಣಾಗುತ್ತದೆ. ಇಪ್ಪತ್ತೊಂದು ವರ್ಷದಿಂದ ಹೀಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದವನಿಗೆ ಎರಡು ಕಾಲುಚೀಲ ಜೋಡಿಸುವುದು ಹೇಳಿಕೊಳ್ಳುವಂಥ ವಿದ್ಯೆಯೇ? ಜಡೆ ಹೆಣೆಯುವುದು ಮಾತ್ರ ನನಗೆ ಬರುತ್ತಿರಲಿಲ್ಲ, ಒಪ್ಪುತ್ತೇನೆ. ಲ್ಯಾಬಿನ ನಲ್ಲಿಗೆ ಮೂರು ದಾರ ಕಟ್ಟಿಕೊಂಡು ಊಟದ ವಿರಾಮದಲ್ಲಿ ಅಭ್ಯಾಸ ಮಾಡಿದೆ. ಈಗ ನಾನು ಹೆಣೆದ ಜಡೆ ಶಾಲೆಯ ಓಟದ ಪಂದ್ಯದಲ್ಲೂ ಬಿಚ್ಚುವುದಿಲ್ಲ.

ಆದರೆ ಇದನ್ನು ನಂಬುವವರು ಯಾರು? ನೀವು ಯಾರನ್ನೂ ಉಳಿಸಿಲ್ಲವಲ್ಲ. ಲ್ಯಾಬಿನಲ್ಲಿ ನನ್ನ ಕೈಯಿಂದ ಒಂದು ಚಮಚ ಜಾರಿ ಬಿದ್ದರೆ ಸಾಕು, ಹಿರಿಯ ಕೆಲಸಗಾರರೊಬ್ಬರು ತಲೆಯೆತ್ತದೆ, "ಅಯ್ಯೋ, ಮತ್ತೆ ಮರೆತೆ" ಎನ್ನುತ್ತಾರೆ. ಮಗಳ ಟೀಚರು ಶಾಲೆಯ ಪ್ರತಿ ಸೂಚನೆಯನ್ನೂ ನನಗೆ ಮೂರು ಸಲ ಕಳಿಸುತ್ತಾರೆ, ಕೊನೆಗೊಂದು ನಗುವ ಮುಖದ ಚಿತ್ರ ಬೇರೆ. ಎದುರುಮನೆಯ ಅಜ್ಜಿಯಂತೂ ಶನಿವಾರ ಎಂಟು ಗಂಟೆಗೆ, ಅಂದರೆ ನಿಮ್ಮ ಕಂತು ಮುಗಿದ ಗಳಿಗೆಗೆ ಸರಿಯಾಗಿ, ಪಾತ್ರೆ ಹಿಡಿದು ಬಾಗಿಲು ತಟ್ಟುತ್ತಾರೆ.

"ಊಟ ಆಯ್ತಜ್ಜಿ. ನಾನೇ ಮಾಡಿದ್ದೆ" ಎಂದರೆ, "ಇರ್ಲಿ ಬಿಡಪ್ಪ, ಗಂಡಸರು ಮಾಡಿದ್ದು ಎಷ್ಟು ಹೊತ್ತು ಹೊಟ್ಟೇಲಿರುತ್ತೆ" ಎಂದು ಪಾತ್ರೆಯನ್ನು ಕೈಗಿತ್ತು ಹೋಗುತ್ತಾರೆ. ಅವರ ಕೈರುಚಿ ಚೆನ್ನಾಗಿದೆ, ಅದು ಬೇರೆ ಮಾತು.

ಈಗ ಬುಧವಾರದ ವಿಷಯ. ಆದೇಶದ ಪ್ರಕಾರ ಮಗಳು ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ ನನ್ನ ಬಳಿ, ಉಳಿದಂತೆ ತಾಯಿಯ ಬಳಿ. ತಾಯಿ ಒಳ್ಳೆಯವಳು, ಅವಳ ಮೇಲೆ ನನಗೆ ಯಾವ ದೂರೂ ಇಲ್ಲ. ನಮ್ಮಿಬ್ಬರಿಗೆ ಒಂದೇ ಸೂರಿನಡಿ ಹೊಂದಲಿಲ್ಲ, ಅಷ್ಟೆ. ವಾರದ ನಡುವೆ ಒಂದು ದಿನವಾದರೂ ಮಗಳು ನನ್ನೊಂದಿಗಿರಲಿ ಎಂದು ಕೌಟುಂಬಿಕ ನ್ಯಾಯಾಲಯಕ್ಕೆ ಅರ್ಜಿ ಹಾಕಿದೆ. ಅವಳ ತಾಯಿಯೂ ಅಡ್ಡಿಪಡಿಸಲಿಲ್ಲ. ಮನೆಯ ಸ್ಥಿತಿಗತಿ ನೋಡಿ ವರದಿ ಕೊಡಲು ನ್ಯಾಯಾಲಯದ ಆಪ್ತಸಮಾಲೋಚಕಿ ಒಂದು ಶನಿವಾರ ನಾಲ್ಕು ಗಂಟೆಗೆ ಬರುವುದೆಂದಾಯಿತು. ನನ್ನ ಬುಧವಾರ ಆ ಒಂದು ವರದಿಯ ಮೇಲೆ ನಿಂತಿತ್ತು.

ಆ ಶನಿವಾರಕ್ಕೆ ಒಂದು ತಿಂಗಳ ಹಿಂದಿನಿಂದಲೇ ಮನೆಯಲ್ಲಿ ಏನೇನೋ ನಡೆಯತೊಡಗಿತ್ತು. ಕಾಲುಚೀಲಗಳು ಒಂಟಿಯಾಗುತ್ತಿದ್ದವು. ಬೀಗದ ಕೈ ಫ್ರಿಜ್ಜಿನಲ್ಲಿ ಸಿಕ್ಕಿತು. ಒಂದು ಭಾನುವಾರ ನನ್ನ ಚಹಾದಲ್ಲಿ ಸಕ್ಕರೆಯ ಬದಲು ಉಪ್ಪು. ನನಗೆ ನಿಜಕ್ಕೂ ದಿಗಿಲಾಯಿತು. ನಿಮ್ಮ ಧಾರಾವಾಹಿ ಅಂಟುರೋಗವೇ, ನೂರು ಕಂತು ನೋಡಿದವನಿಗೆ ತಗಲುತ್ತದೆಯೇ ಎಂದು ಯೋಚಿಸಿದೆ. ಕನ್ನಡಿಯ ಮುಂದೆ ನಿಂತು ಹದಿನೇಳರ ಮಗ್ಗಿ ಹೇಳಿಕೊಂಡೆ. ತಪ್ಪಲಿಲ್ಲ.

ಅಂದು ಮನೆ ಕನ್ನಡಿಯ ಹಾಗಿತ್ತು. ನೆಲ ಒರೆಸಿದ್ದೆ, ಮಗಳ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿದ್ದೆ, ವಾರದ ಅಡುಗೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೆ. ನಮ್ಮ ಕಟ್ಟಡದ ಮನೆ ನಂಬರುಗಳು ಎಂಥವರನ್ನೂ ದಾರಿ ತಪ್ಪಿಸುತ್ತವೆ, ಹಾಗಾಗಿ ಸಮಾಲೋಚಕಿಯನ್ನು ಕರೆತರಲು ಗೇಟಿಗೆ ಹೋದೆ. ಹತ್ತು ನಿಮಿಷ. ಬಂದವರು ಐವತ್ತು ದಾಟಿದ, ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಹೆಂಗಸು. ಬಾಗಿಲು ತೆಗೆದೆ. ಸ್ನಾನದ ಮನೆಯಿಂದ ಬಿಳಿಯ ನೊರೆ ಹೊರಬಂದು ಹಜಾರದ ಅರ್ಧವನ್ನು ಆಗಲೇ ಆಕ್ರಮಿಸಿತ್ತು. ಅಡುಗೆಮನೆಯಿಂದ ಬ್ರೆಡ್ಡು ಸುಟ್ಟ ಕಮಟು. ಒಲೆಯ ಸುತ್ತ ಹಾಲಿನ ಕೆರೆ. ನಡುವೆ ಮೇಜಿನ ಮುಂದೆ ಮಗಳು, ಏನೂ ಅರಿಯದ ಹಸುಳೆಯ ಮುಖ ಮಾಡಿಕೊಂಡು, ಬಣ್ಣದ ಪೆನ್ಸಿಲು ಚೂಪು ಮಾಡುತ್ತಿದ್ದಳು.

ಸಮಾಲೋಚಕಿ ನೊರೆಯನ್ನು ನೋಡಿದರು, ನನ್ನನ್ನು ನೋಡಿದರು. "ಟೀವೀಲಿ ಬರೋ ಹಾಗೇ ಇದೆಯಲ್ಲ ಸರ್" ಎಂದರು.

ಕಾಣದ ಜನರ ನಗು ಒಂದು ಕಡಿಮೆಯಿತ್ತು. ಅದನ್ನು ಬಾಗಿಲಿಗೆ ಬಂದು ನಿಂತಿದ್ದ ಎದುರುಮನೆಯ ಅಜ್ಜಿ ಪೂರೈಸಿದರು. ನನಗೆ ಅಳು ಬರುವುದೊಂದು ಬಾಕಿ. ಎರಡು ವರ್ಷದ ಶ್ರಮ ಹತ್ತು ನಿಮಿಷದಲ್ಲಿ ನೀರುಪಾಲಾಗಿತ್ತು. ಪ್ಯಾಂಟು ಮಡಿಸಿಕೊಂಡು ನೊರೆಗಿಳಿದು ಮಷೀನಿನ ತಂತಿ ಕಿತ್ತೆ. ಮಷೀನಿನ ಮೇಲೆ ಸೋಪಿನ ಬಾಟಲಿ ಖಾಲಿಯಾಗಿ ಮಲಗಿತ್ತು. ಮಷೀನಿನೊಳಗೆ ತಿರುಗುತ್ತಿದ್ದುದು ನನ್ನ ಹದಿನಾಲ್ಕು ಒಂಟಿ ಕಾಲುಚೀಲಗಳು.

ಸಮಾಲೋಚಕಿ ಚೀಲ ಕೆಳಗಿಟ್ಟು ಮಗಳ ಎದುರಿನ ಕುರ್ಚಿಯಲ್ಲಿ ಕೂತರು. "ಇದನ್ನೆಲ್ಲ ಯಾರಮ್ಮ ಮಾಡಿದ್ದು" ಎಂದು ಕೇಳಿದರು.

"ಅಪ್ಪ. ಅವ್ರಿಗೆ ಏನೂ ಬರಲ್ಲ" ಎಂದಳು ಮಗಳು, ಪೆನ್ಸಿಲಿನಿಂದ ಕಣ್ಣೆತ್ತದೆ.

"ಹೌದಾ? ನಿನ್ನ ತೋಳೆಲ್ಲ ನೊರೆ ಆಗಿದೆ."

ಅವಳು ತೋಳನ್ನು ನೋಡಿಕೊಂಡಳು. ಆಮೇಲೆ ಕಟ್ಟೆ ಒಡೆಯಿತು. "ಟೀವೀಲಿ ಅಪ್ಪಂಗೆ ಏನೂ ಬರಲ್ಲ, ಅದಕ್ಕೇ ಮಗಳನ್ನ ಅವ್ರ ಹತ್ರಾನೇ ಬಿಟ್ಟಿದ್ದಾರೆ. ನಮ್ಮಪ್ಪಂಗೆ ಅಡಿಗೆ ಬರುತ್ತೆ, ಜಡೆ ಬರುತ್ತೆ, ಎಲ್ಲಾ ಬರುತ್ತೆ. ನಾನಿಲ್ದೇ ಇದ್ರೂ ಚೆನ್ನಾಗೇ ಇರ್ತಾರೆ. ಹಂಗಿದ್ರೆ ನನಗೆ ಬುಧವಾರ ಯಾಕೆ ಕೊಡ್ತೀರಾ ನೀವು?"

ಮಾನ್ಯರೇ, ನಿಮ್ಮನ್ನು ಬೈಯಲು ಕೂತವನು ಇಲ್ಲಿ ಒಂದು ಒಪ್ಪಿಗೆ ಬರೆಯಬೇಕಾಗಿದೆ, ಕೈ ಓಡುತ್ತಿಲ್ಲ. ಎರಡು ವರ್ಷ ನಾನು ಟೀಚರಿಗೆ, ಅಜ್ಜಿಗೆ, ಲ್ಯಾಬಿನ ಹಿರಿಯರಿಗೆ, ನ್ಯಾಯಾಲಯಕ್ಕೆ, ಕೊನೆಗೆ ನಿಮಗೂ "ನನಗೆ ಎಲ್ಲ ಬರುತ್ತದೆ" ಎಂದು ತೋರಿಸುವುದರಲ್ಲೇ ಮುಳುಗಿದ್ದೆ. ಭಾನುವಾರ ಸಂಜೆ ಮಗಳನ್ನು ಬಿಡುವಾಗ ಪ್ರತಿ ಸಲವೂ ಹೇಳುತ್ತಿದ್ದುದು ಒಂದೇ ಮಾತು: "ನನ್ನ ಬಗ್ಗೆ ಯೋಚ್ನೆ ಮಾಡ್ಬೇಡ, ನಾನು ಆರಾಮಾಗಿರ್ತೀನಿ." ಅವಳ ಮನಸ್ಸು ಹಗುರವಾಗಲಿ ಎಂದು ಹೇಳುತ್ತಿದ್ದೆ. ಅವಳು ಅದನ್ನು ನಂಬಿಬಿಟ್ಟಿದ್ದಳು. ನಿಮ್ಮ ಆ ಪೆದ್ದ ಅಪ್ಪ ನೂರಾ ಹನ್ನೆರಡು ಸಲ ಹೇಳಿದ ಮಾತನ್ನು ನಾನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಈ ಒಂದು ವಿಷಯದಲ್ಲಿ ಅವನು ನನಗಿಂತ ಜಾಣ, ಹಾಳಾಗಿ ಹೋಗಲಿ.

ನೊರೆಯಲ್ಲೇ ಮಂಡಿಯೂರಿ ಕೂತೆ. ಪರರ ಎದುರು ಇಂಥ ಮಾತಾಡಿ ನನಗೆ ರೂಢಿಯಿಲ್ಲ. ಆದರೂ ಹೇಳಿದೆ. "ಸೋಮವಾರ ನಾನು ಲ್ಯಾಬಿಗೆ ಒಂದು ಗಂಟೆ ಮುಂಚೆ ಹೋಗ್ತೀನಿ. ಯಾಕೆ ಗೊತ್ತಾ? ನೀನಿಲ್ದೇ ಇರೋ ಮನೇಲಿ ಕೂತ್ಕೊಳಕ್ಕಾಗಲ್ಲ. ಅಡಿಗೆ ಬರುತ್ತೆ ಕಣೇ, ಒಬ್ಬನೇ ಊಟ ಮಾಡಕ್ಕೆ ಬರಲ್ಲ. ನಿನ್ನಿಂದ ನಂಗೇನೂ ಕೆಲ್ಸ ಆಗ್ಬೇಕಾಗಿಲ್ಲ. ಸುಮ್ನೆ ನೀನು ಬೇಕು."

ಮಗಳು ಪೆನ್ಸಿಲು ಕೆಳಗಿಟ್ಟಳು. "ಅದನ್ನ ಮೊದ್ಲೇ ಹೇಳೋದಲ್ವಾ" ಎಂದಳು. "ಒಂದು ಬಾಟ್ಲಿ ಸೋಪು ದಂಡ ಆಯ್ತು."

ಸಮಾಲೋಚಕಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು, ನೊರೆ ಹಾರಿತ್ತಂತೆ. ಅಜ್ಜಿ ಒಂದು ಪೊರಕೆ ತಂದುಕೊಟ್ಟು, ಜನ್ಮದಲ್ಲಿ ಮೊದಲ ಸಲ, ಏನೂ ಮಾತಾಡದೆ ಹೋದರು. ನಾವು ಮೂವರೂ ಸೇರಿ ನೀರು ತಳ್ಳಿದೆವು. ಹೋಗುವಾಗ ಸಮಾಲೋಚಕಿ, "ನಿಯಮದ ಪ್ರಕಾರ ನಾನು ಕಣ್ಣಾರೆ ಕಂಡಿದ್ದನ್ನೇ ಬರೀಬೇಕು ಸರ್. ಇವತ್ತು ಕಂಡಿದ್ದನ್ನ ಬರೆದ್ರೆ ಜಡ್ಜ್ ಸಾಹೇಬರು ಬುಧವಾರ ಅಲ್ಲ, ಶನಿವಾರಾನೂ ಕಿತ್ಕೋತಾರೆ. ಮುಂದಿನ ತಿಂಗಳ ಎರಡನೇ ಶನಿವಾರ ಇನ್ನೊಂದ್ಸಲ ಬರ್ತೀನಿ" ಎಂದರು. ಹಾಗಾಗಿ ನನ್ನ ಬುಧವಾರ ಸದ್ಯಕ್ಕೆ ತೂಗಾಡುತ್ತಿದೆ. ಇನ್ನು ಹೀಗೆ ಮಾಡುವುದಿಲ್ಲವೆಂದು ನನಗೆ ಮಗಳು ಮಾತು ಕೊಟ್ಟಿದ್ದಾಳೆ. ಆದರೆ ಅಷ್ಟರೊಳಗೆ ನಿಮ್ಮ ನಾಲ್ಕು ಕಂತುಗಳಿವೆ, ಒಂಬತ್ತು ವರ್ಷದವಳ ಮಾತಿನ ಮೇಲೆ ನನಗೆ ಪೂರಾ ಭರವಸೆಯಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಧಾರಾವಾಹಿಯನ್ನು ನಿಲ್ಲಿಸಿ ಎನ್ನುವುದಿಲ್ಲ, ಅಜ್ಜಿ ನನ್ನನ್ನು ಉಳಿಸುವುದಿಲ್ಲ. ಆ ಎರಡನೇ ಶನಿವಾರಕ್ಕೆ ಮುಂಚೆ ಒಂದೇ ಒಂದು ಕಂತು ಬೇರೆ ರೀತಿ ಮಾಡಿ. ಅದರಲ್ಲಿ ಅಪ್ಪ ಶಾಲೆಯ ಸಭೆಗೆ ಸರಿಯಾದ ದಿನ ಹೋಗಲಿ, ಅಡುಗೆ ಹದವಾಗಿ ಆಗಲಿ, ಕಾಲುಚೀಲ ಜೋಡಿಯಾಗಿರಲಿ. ಮಗಳು ಮನೆಯೆಲ್ಲ ಸುತ್ತಿ ನೋಡಿ, "ಎಲ್ಲಾ ನೀನೇ ಮಾಡ್ಕೋತೀಯ, ಮತ್ತೆ ನಾನ್ಯಾಕೆ" ಎಂದು ಕೇಳಲಿ. ಅವನು ಉತ್ತರ ಹೇಳಲಿ. ಉತ್ತರವನ್ನು ಬರೆಯಲು ನಿಮ್ಮ ಬರಹಗಾರರಿಗೆ ಕಷ್ಟವಾದರೆ ನನ್ನದನ್ನೇ ಬಳಸಿಕೊಳ್ಳಿ, ಮೇಲೆ ಬರೆದಿದ್ದೇನೆ. ಅವನು ಹೇಳುವಾಗ ಮಾತ್ರ ಆ ಕಾಣದ ಜನರ ನಗುವನ್ನೂ ಪಿಟೀಲನ್ನೂ ಬಂದ್ ಮಾಡಿ, ಮಾತು ಸರಿಯಾಗಿ ಕೇಳಬೇಕು. ನನ್ನ ಹಾಗೆ ಮನೆಯನ್ನು ಒಪ್ಪವಾಗಿಟ್ಟುಕೊಂಡು, ಬಾಯಿಗೆ ಬೀಗ ಹಾಕಿಕೊಂಡು ಕೂತ ಅಪ್ಪಂದಿರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಅವರ ಮಕ್ಕಳು ಶನಿವಾರ ಏಳೂವರೆಗೆ ನಿಮ್ಮೆದುರೇ ಕೂತಿರುತ್ತಾರೆ, ತಾವು ಯಾರಿಗಾದರೂ ಬೇಕಾಗಿದ್ದೇವೆಯೇ ಎಂದು ತಿಳಿದುಕೊಳ್ಳಲು.

ಇಂತಿ,
ಎಲ್ಲ ಕಲಿತ ಮೇಲೆ ಮಾತಾಡುವುದನ್ನು ಕಲಿತ,
ಬುಧವಾರವೊಂದನ್ನು ಬಿಟ್ಟು ಬೇರೇನನ್ನೂ ಬೇಡದ,
ಹಲ್ಲುಸೆಟ್ಟಿನ ಅಪ್ಪ